ಪಿಸಿಯಲ್ಲಿ ಕನ್ಸೋಲ್ ಕಂಟ್ರೋಲರ್: ವೈಬ್ರೇಶನ್ ಎಲ್ಲಿ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ

ಎಕ್ಸ್‌ಬಾಕ್ಸ್ ಸೀರೀಸ್, ಡ್ಯುಯಲ್‌ಶಾಕ್ 4 (ಪ್ಲೇಸ್ಟೇಷನ್ 4ರದು), ಡ್ಯುಯಲ್‌ಸೆನ್ಸ್ (ಪ್ಲೇಸ್ಟೇಷನ್ 5ರದು) ಮೂರೂ ಕಂಟ್ರೋಲರ್‌ಗಳನ್ನು ವಿಂಡೋಸ್ ಪಿಸಿಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ ಇದು. ಬಟನ್ ಒತ್ತಿದ ಸುದ್ದಿ ಪಿಸಿಗೆ ಬರುವ ದಾರಿ ಒಂದು, ವೈಬ್ರೇಶನ್ ಆಜ್ಞೆ ಕಂಟ್ರೋಲರ್‌ಗೆ ವಾಪಸ್ ಹೋಗುವ ದಾರಿ ಇನ್ನೊಂದು. ಬಟನ್ ಎಲ್ಲ ಸರಿಯಿದ್ದು ವೈಬ್ರೇಶನ್ ಮಾತ್ರ ಇಲ್ಲವೆಂದರೆ ಸಾಮಾನ್ಯವಾಗಿ ಕೆಟ್ಟಿರುವುದು ಮೋಟಾರ್ ಅಲ್ಲ, ಆ ಎರಡನೇ ದಾರಿ.

ಕಡಿಮೆ ತಲೆನೋವಿನದು ಎಕ್ಸ್‌ಬಾಕ್ಸ್ ಕಂಟ್ರೋಲರ್. ಪಿಸಿ ಗೇಮ್‌ಗಳಲ್ಲಿ ಬಹುಪಾಲು ಎಕ್ಸ್‌ಇನ್‌ಪುಟ್ ಬಳಸುತ್ತವೆ; ಗೇಮ್ ಮತ್ತು ಕಂಟ್ರೋಲರ್ ಮಾತಾಡಿಕೊಳ್ಳಲು ವಿಂಡೋಸ್‌ನಲ್ಲಿರುವ ವ್ಯವಸ್ಥೆ ಅದು. ಅದರಲ್ಲಿ ಎರಡು ಮೋಟಾರ್‌ಗೆ ಎರಡು ಸಂಖ್ಯೆ, ತಲಾ 0ಯಿಂದ 65535ರವರೆಗೆ. ಎಡ ಹಿಡಿಯಲ್ಲಿ ದೊಡ್ಡ ಭಾರ ತಿರುಗಿಸುವ ನಿಧಾನ ಮೋಟಾರ್, ಬಲದಲ್ಲಿ ಸಣ್ಣ ಭಾರ ತಿರುಗಿಸುವ ಚುರುಕು ಮೋಟಾರ್. ಟ್ರಿಗರ್‌ಗಳೊಳಗಿನ ಇನ್ನೆರಡು ಪುಟ್ಟ ಮೋಟಾರ್‌ಗಳಿಗೆ ಎಕ್ಸ್‌ಇನ್‌ಪುಟ್‌ನಲ್ಲಿ ಜಾಗವೇ ಇಲ್ಲ. ಆದ್ದರಿಂದ ಬಹಳಷ್ಟು ಗೇಮ್‌ಗಳಲ್ಲಿ ಟ್ರಿಗರ್ ಸುಮ್ಮನಿದ್ದರೆ ಅದು ದೋಷವಲ್ಲ. ಎಕ್ಸ್‌ಇನ್‌ಪುಟ್‌ಗಿಂತ ಹಿಂದಿನ ವ್ಯವಸ್ಥೆಯಾದ ಡೈರೆಕ್ಟ್‌ಇನ್‌ಪುಟ್ ಕಾಲದ ಹಳೆಯ ಗೇಮ್‌ಗಳಲ್ಲಿ ಇದೇ ಕಂಟ್ರೋಲರ್ ವೈಬ್ರೇಟ್ ಆಗುವುದಿಲ್ಲ. ಮೇಲಾಗಿ ಎರಡೂ ಟ್ರಿಗರ್ ಒಂದೇ ಆಕ್ಸಿಸ್‌ನಲ್ಲಿ ಸೇರಿಹೋಗಿ, ಒಟ್ಟಿಗೆ ಒತ್ತಿದರೆ ಒಂದನ್ನೊಂದು ಅಳಿಸಿಬಿಡುತ್ತವೆ.

ಡ್ಯುಯಲ್‌ಸೆನ್ಸ್ ವಿಚಾರ ಬೇರೆ. ಇದರಲ್ಲಿ ತಿರುಗುವ ಭಾರವಿಲ್ಲ. ಸ್ಪೀಕರ್‌ನಂತೆ ಸುರುಳಿಯಿಂದ ಅಲುಗುವ ಎರಡು ಆಕ್ಚುಯೇಟರ್‌ಗಳಿವೆ. ಯುಎಸ್‌ಬಿ ಕೇಬಲ್ ಹಾಕಿದಾಗ ವಿಂಡೋಸ್‌ಗೆ ಇದು ನಾಲ್ಕು ಚಾನೆಲ್‌ಗಳ ಆಡಿಯೋ ಸಾಧನವಾಗಿಯೂ ಕಾಣುತ್ತದೆ: ಮೊದಲ ಎರಡು ಚಾನೆಲ್ ಹೆಡ್‌ಫೋನ್‌ಗೆ, 3 ಮತ್ತು 4 ಆಕ್ಚುಯೇಟರ್‌ಗೆ. ಮಳೆಹನಿ ಬಿದ್ದಂಥ ನವಿರು ಕಂಪನವೆಲ್ಲ ಈ ಎರಡು ಚಾನೆಲ್‌ಗಳ ಧ್ವನಿಯೇ. ಕೇಬಲ್ ಹಾಕಿದೊಡನೆ ಗೇಮ್‌ನ ಸದ್ದು ಕಂಟ್ರೋಲರ್‌ಗೆ ಹೋಗಿಬಿಟ್ಟರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಔಟ್‌ಪುಟ್ ಬದಲಿಸಿ, ಸಾಕು. ಆ ಸಾಧನವನ್ನೇ ಡಿಸೇಬಲ್ ಮಾಡಿದರೆ ಹ್ಯಾಪ್ಟಿಕ್ಸ್, ಅಂದರೆ ಆ ನವಿರು ಕಂಪನ ಕೂಡ ಹೋಗುತ್ತದೆ.

ಬಹಳ ಜನ ಎಡವುವುದು ಸ್ಟೀಮ್ ಇನ್‌ಪುಟ್‌ನಲ್ಲಿ; ಗೇಮ್ ಅಂಗಡಿ ಸ್ಟೀಮ್‌ನ ಆ್ಯಪ್‌ನಲ್ಲಿ ಕಂಟ್ರೋಲರ್ ಮತ್ತು ಗೇಮ್ ನಡುವೆ ನಿಲ್ಲುವ ಸೌಲಭ್ಯ ಇದು. ಅದು ಆನ್ ಇದ್ದರೆ ಎಷ್ಟೋ ಗೇಮ್‌ಗಳಿಗೆ ಡ್ಯುಯಲ್‌ಸೆನ್ಸ್ ಒಂದು ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಂತೆ ಕಾಣುತ್ತದೆ, ಸಿಗುವುದು ಸಾದಾ ರಂಬಲ್ (ಮೋಟಾರ್ ಮಾದರಿಯ ಕಂಪನ) ಮಾತ್ರ. ಗೇಮ್‌ಗೆ ಡ್ಯುಯಲ್‌ಸೆನ್ಸ್ ಬೆಂಬಲ ನೇರವಾಗಿ ಇದ್ದರೆ ಲೈಬ್ರರಿಯಲ್ಲಿ ಅದರ ಮೇಲೆ ರೈಟ್‌ಕ್ಲಿಕ್, ಪ್ರಾಪರ್ಟೀಸ್, ಕಂಟ್ರೋಲರ್, ಅಲ್ಲಿ ಸ್ಟೀಮ್ ಇನ್‌ಪುಟ್ ಡಿಸೇಬಲ್. ಕೇಬಲ್ ಹಾಕಿ ಗೇಮ್ ಮತ್ತೆ ತೆರೆಯಿರಿ. ಬೆಂಬಲ ಇಲ್ಲದ ಗೇಮ್‌ಗೆ ಇದರ ತಿರುವುಮುರುವು: ಸ್ಟೀಮ್ ಇನ್‌ಪುಟ್ ಆನ್ ಇರಲಿ, ಬ್ಲೂಟೂತ್ ಆದರೂ ನಡೆಯುತ್ತದೆ.

ಡ್ಯುಯಲ್‌ಶಾಕ್ 4ಕ್ಕೆ ಸ್ಟೀಮ್‌ನ ಹೊರಗಿನ ಬಹಳಷ್ಟು ಗೇಮ್‌ಗಳಲ್ಲಿ ಡಿಎಸ್4ವಿಂಡೋಸ್ ಎಂಬ ಸಾಫ್ಟ್‌ವೇರ್ ಬೇಕಾಗುತ್ತದೆ. ಅದು ವಿಜೆಮ್‌ಬಸ್ ಡ್ರೈವರ್ ಮೂಲಕ ಒಂದು ಕಾಲ್ಪನಿಕ ಎಕ್ಸ್‌ಬಾಕ್ಸ್ 360 ಕಂಟ್ರೋಲರ್ ಸೃಷ್ಟಿಸುತ್ತದೆ. ಗೇಮ್ ಅಸಲಿಯನ್ನೂ ಕಂಡರೆ ಒಂದು ಒತ್ತಿಗೆ ಎರಡು ಒತ್ತು ದಾಖಲಾಗುತ್ತದೆ. ಹಿಡ್‌ಹೈಡ್ (HidHide) ಎಂಬ ಸಾಫ್ಟ್‌ವೇರ್ ಹಾಕಿ ಅಸಲಿಯನ್ನು ಮರೆಮಾಡಿ. ಡಿಎಸ್4ವಿಂಡೋಸ್ ಮತ್ತು ಸ್ಟೀಮ್ ಇನ್‌ಪುಟ್ ಎರಡನ್ನೂ ಒಟ್ಟಿಗೆ ಓಡಿಸಲೇಬೇಡಿ.

ಡ್ಯುಯಲ್‌ಶಾಕ್ 3 ಹಳೆಯದೊಂದು ಕೈಲಿದ್ದರೆ ಡಿಎಸ್‌ಹಿಡ್‌ಮಿನಿ ಡ್ರೈವರ್‌ನಿಂದ ಬದುಕಿಸಬಹುದು. ಪಿಸಿಗೆಂದೇ ಹುಡುಕಿ ಕೊಳ್ಳುವಂಥದಲ್ಲ.

ವೈಬ್ರೇಶನ್ ಬಾರದಿದ್ದಾಗ ಡ್ರೈವರ್ ಅಳಿಸುವ ಮೊದಲು ಗೇಮ್ ಮುಚ್ಚಿ, ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಪರೀಕ್ಷಿಸಿ. ಅಲ್ಲಿ ಬಂದರೆ ಮೋಟಾರ್ ಗಟ್ಟಿಯಾಗಿದೆ, ತೊಂದರೆ ಗೇಮ್‌ನ ಕಡೆಯದು. ಕೆಲವು ಗೇಮ್‌ಗಳು ಮೌಸ್ ಸ್ವಲ್ಪ ಅಲುಗಿದರೂ ಕೀಬೋರ್ಡ್ ಮೋಡ್‌ಗೆ ಜಾರಿ ವೈಬ್ರೇಶನ್ ನಿಲ್ಲಿಸುತ್ತವೆ; ಮೇಜು ಅಲ್ಲಾಡುತ್ತಿದ್ದರೆ ಮೌಸ್ ಮಗುಚಿಡಿ. ಕೇಬಲ್ ಹಾಕಿದಾಗ ಚಾರ್ಜ್ ಆಗುತ್ತಿದ್ದು ವಿಂಡೋಸ್ ಗುರುತಿಸದಿದ್ದರೆ ಅದು ಡೇಟಾ ತಂತಿಯಿಲ್ಲದ ಚಾರ್ಜಿಂಗ್ ಕೇಬಲ್. ಎಕ್ಸ್‌ಬಾಕ್ಸ್‌ನಲ್ಲಿ ವೈಬ್ರೇಶನ್ ದಿನೇದಿನೇ ಸೊರಗುತ್ತಿದ್ದರೆ ಎರಡು ಎಎ ಸೆಲ್‌ಗಳನ್ನು ಮೊದಲು ಬದಲಿಸಿ.

ಎಲ್ಲ ಕಡೆಯೂ ಒಂದೇ ಬದಿ ಮೌನವಾಗಿದ್ದರೆ ಅಥವಾ ಗರಗರ ಸದ್ದು ಬಂದರೆ ಆಗ ಮಾತ್ರ ಒಳಗೆ ನೋಡಬೇಕು: ಮೋಟಾರಿನ ತಂತಿಯ ಬೆಸುಗೆ ಬಿಟ್ಟಿರುತ್ತದೆ, ಇಲ್ಲವೇ ಭಾರದ ತುಂಡು ಸಡಿಲಾಗಿರುತ್ತದೆ. ಎಕ್ಸ್‌ಬಾಕ್ಸ್‌ಗೆ ನಡುವೆ ತೂತಿರುವ ಟಿ8 ಟಾರ್ಕ್ಸ್ ಬೇಕು. ನಾಲ್ಕು ತಿರುಪು ಹಿಡಿಗಳ ಪಕ್ಕದ ಮುಚ್ಚಳಗಳ ಕೆಳಗೆ, ಐದನೆಯದು ಬ್ಯಾಟರಿ ಗೂಡಿನ ಸ್ಟಿಕ್ಕರ್ ಅಡಿಯಲ್ಲಿ. ಅದನ್ನು ಬಿಚ್ಚದೆ ಮೀಟಿದರೆ ಚಿಪ್ಪು ಸೀಳುತ್ತದೆ.