ಹೆಂಡತಿಗೆ ಹೊಡೆಯುವವರಿಗೆ ಮಡಿಕೇರಿಯಲ್ಲಿ ವಾರದ ತರಗತಿ: ಯಾವುದು ಚೆನ್ನಾಗಿದೆ, ಯಾವುದು ಸಾಲದು

ಮನೆಯಲ್ಲಿ ಕೈ ಎತ್ತುವ ಗಂಡಸರಿಗಾಗಿ ವಾರಕ್ಕೊಮ್ಮೆ ಎರಡು ಗಂಟೆ ನಡೆಯುವ ಗುಂಪು ಇದು. ಎಂಟು ಹತ್ತು ಜನ ಇರುತ್ತಾರೆ, ನಡೆಸಿಕೊಡಲು ಒಬ್ಬ ಗಂಡಸು, ಒಬ್ಬ ಹೆಂಗಸು. ಪಾಠದ ಬುನಾದಿ ಅಮೆರಿಕದ ಡುಲುತ್ ಊರಿನಲ್ಲಿ 1981ರಲ್ಲಿ ಶುರುವಾದ ಮಾದರಿ: ಹೊಡೆತ ಎಂದರೆ ಹದ್ದು ಮೀರಿದ ಸಿಟ್ಟಲ್ಲ, ಹೆಂಡತಿಯನ್ನು ಹಿಡಿತದಲ್ಲಿಟ್ಟುಕೊಳ್ಳುವ ದಾರಿ. ಕುಡಿತದ ನೆಪ ಮೊದಲ ದಿನವೇ ಬಿದ್ದುಹೋಗುತ್ತದೆ. ಎಷ್ಟು ಕುಡಿದರೂ ತೋಟದಲ್ಲಿ ಕೆಲಸದ ಲೆಕ್ಕ ನೋಡುವ ರೈಟರ್ ಮೈ ಮುಟ್ಟದವನು ಲೈನ್ ಮನೆಗೆ (ಕೂಲಿಯವರ ಸಾಲುಮನೆಗೆ) ಬಂದು ಹೆಂಡತಿಗೇ ಹೊಡೆಯುತ್ತಾನೆಂದರೆ, ಕೈ ತಡೆಯುವುದು ಅವನಿಗೆ ಗೊತ್ತಿದೆ. ತೋಟದ ಮಾಲೀಕರ ಬಂಗಲೆಯಲ್ಲೂ ಕಥೆ ಇದೇ.

ನಮಗೆ ತುಂಬಾ ಹಿಡಿಸಿದ್ದು ಮಾತು ತಿದ್ದಿಸುವ ಕ್ರಮ. "ಗಲಾಟೆ ಆಯ್ತು, ಕೈ ತಾಗಿತು" ಎಂದವನನ್ನು ಅಲ್ಲೇ ತಡೆದು, "ನಾನು" ಎಂದು ಶುರುಮಾಡಿ ಮತ್ತೆ ಹೇಳಿಸುತ್ತಾರೆ. ಎರಡನೇ ಸಲ "ನಾನು ಹೊಡೆದೆ." ಮೂರನೇ ಸಲ "ನಾನು ಜುಟ್ಟು ಹಿಡಿದು ಕೆನ್ನೆಗೆ ಹೊಡೆದೆ, ಮಗು ನೋಡ್ತಾ ಇತ್ತು." ಆಮೇಲೆ ಹಾಳೆಯ ಮೇಲೆ: ಏನು ಮಾಡಿದೆ, ಏನು ಸಾಧಿಸೋಕೆ, ಅವಳಿಗೆ ಏನಾಯ್ತು, ಬದಲಿಗೆ ಏನು ಮಾಡಬಹುದಿತ್ತು. ಓದು ಬಾರದವರು ಬಾಯಲ್ಲೇ ಹೇಳಬಹುದು.

ಹೊರಗೆ ಹೋಗುವ ಅಭ್ಯಾಸವನ್ನೂ ಕಲಿಸುತ್ತಾರೆ. ದವಡೆ ಬಿಗಿದರೆ, ಮುಷ್ಟಿ ಕಟ್ಟಿದರೆ, "ನಂಗೆ ಸಿಟ್ಟು ಬರ್ತಾ ಇದೆ, ಒಂದು ಗಂಟೆ ಬಿಟ್ಟು ಬರ್ತೀನಿ" ಎಂದು ಹೇಳಿ ನಡೆದು ಹೋಗಬೇಕು. ಬೈಕ್ ಹತ್ತಬಾರದು, ಕುಡಿಯಬಾರದು, ಹೇಳಿದ ಹೊತ್ತಿಗೆ ಬರಬೇಕು. ಕೆಡುವುದು ಇಲ್ಲೇ: ಅವಳು ರೇಷನ್ನಿಗೆ ದುಡ್ಡು ಕೇಳಿದಾಗೆಲ್ಲ ಎದ್ದು ಹೋಗುವವರಿದ್ದಾರೆ. ಅದಕ್ಕೇ ಮಹಿಳಾ ಕಾರ್ಯಕರ್ತೆ ಹೆಂಡತಿಗೆ ಬೇರೆಯಾಗಿ ಫೋನ್ ಮಾಡಿ ನಿಯಮ ತಿಳಿಸುತ್ತಾರೆ, ಅವಳು ಹೇಳಿದ್ದನ್ನು ಗಂಡನಿಗೆ ಹೇಳುವುದಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವುದೂ ಇಲ್ಲ. ಗಂಡನ ಮುಂದೆ ನಿಜ ಹೇಳಿದವಳು ರಾತ್ರಿ ಅದೇ ಮನೆಗೆ ಹೋಗಬೇಕಲ್ಲ.

ಕೊರತೆಗಳು ಸಣ್ಣವಲ್ಲ. ಸೇರಿಸಿಕೊಳ್ಳುವಾಗ ಕೋವಿಯ ಬಗ್ಗೆ ಕೇಳುವುದೇ ಇಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವ ಜಿಲ್ಲೆಯಲ್ಲಿ ಅದು ಮೊದಲ ಪ್ರಶ್ನೆಯಾಗಬೇಕು. ಮನೆಯಲ್ಲಿ ಕೋವಿ ಇದ್ದರೆ ಅದನ್ನು ಕಾನೂನಿನಂತೆ ಬೇರೆಡೆ ಇಡಿಸಿದ ಮೇಲೆಯೇ ಪಾಠ. ಪಾಠ ನಡೆಯುವ ಹನ್ನೆರಡು ವಾರವೂ ಸಾಲದು. ಕೈ ನಿಂತ ಮೇಲೆ ಬೈಗುಳ, ಕೂಲಿ ದುಡ್ಡು ಕಿತ್ತುಕೊಳ್ಳುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು ಮುಂದುವರಿಯುತ್ತವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇವನ್ನೂ ಹಿಂಸೆ ಎಂದೇ ಎಣಿಸುತ್ತದೆ. ಆರು ತಿಂಗಳಾದರೂ ಬೇಕು. ಕೊನೆಗೆ ಕೊಡುವ ಸರ್ಟಿಫಿಕೇಟನ್ನಂತೂ ನಿಲ್ಲಿಸಲೇಬೇಕು, ಕೋರ್ಟಿನಲ್ಲಿ "ಸರಿಹೋಗಿದ್ದೇನೆ" ಎನ್ನಲು ಅದೇ ಸಾಕ್ಷಿಯಾಗಿಬಿಡುತ್ತದೆ. ಎಷ್ಟು ದಿನ ಬಂದ ಎಂಬ ಚೀಟಿ ಸಾಕು.

ಗಂಡ ಸೇರಿದನೆಂದು ಹೆಂಡತಿ ತನ್ನ ಜಾಗ್ರತೆ ಬಿಡಬಾರದು. ಅಪಾಯವೆನಿಸಿದರೆ 112, ಸಲಹೆಗೆ 181. ಡಿಸೆಂಬರಿನಿಂದ ಕಾಫಿ ಕೊಯ್ಲು ಶುರುವಾದರೆ ಈಗಿನಂತೆ ವಾರದ ದಿನ ಸಂಜೆ ನಾಲ್ಕಕ್ಕೆ ಗುಂಪು ಇಟ್ಟರೆ ಯಾರೂ ಬರಲಾರರು. ಭಾನುವಾರ ಮಧ್ಯಾಹ್ನ, ಸಿದ್ದಾಪುರದ ಕಡೆಯೂ ಒಂದು ಗುಂಪು ನಡೆಸಲಿ.