ಮನೆ ಬಿಟ್ಟ ಮೇಲೆ ಅಡ್ವಾನ್ಸ್ ವಾಪಸು: ಒಂದು ಬಾಡಿಗೆ ನಿರ್ವಹಣಾ ಸಂಸ್ಥೆಯ ಸೇವೆ ಹೇಗಿತ್ತು

ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ 2021ರ ಸೆಪ್ಟೆಂಬರ್ 1ರಿಂದ 2024ರ ಮೇ 31ರವರೆಗೆ ನಾವು ಬಾಡಿಗೆಗಿದ್ದ ಮನೆಯನ್ನು ಮಾಲೀಕರ ಪರವಾಗಿ ನೋಡಿಕೊಳ್ಳುತ್ತಿದ್ದುದು ಒಂದು ಬಾಡಿಗೆ ನಿರ್ವಹಣಾ ಸಂಸ್ಥೆ. ತಿಂಗಳ ಬಾಡಿಗೆ 24,000 ರೂಪಾಯಿ. ಆರು ತಿಂಗಳ ಬಾಡಿಗೆಯ ಲೆಕ್ಕದಲ್ಲಿ ಅಡ್ವಾನ್ಸ್ 1,44,000 ರೂಪಾಯಿ. ಈ ಹಣ ಜಮೆಯಾದದ್ದು ಸಂಸ್ಥೆಯ ಖಾತೆಗೆ, ಮಾಲೀಕರ ಖಾತೆಗಲ್ಲ. ಹನ್ನೊಂದು ತಿಂಗಳಿಗೊಮ್ಮೆ ಕರಾರು ನವೀಕರಿಸುವಾಗ ನಮ್ಮಿಂದಲೂ ಸೇವಾ ಶುಲ್ಕ ಪಡೆಯುತ್ತಿದ್ದರು. ಇವೆರಡೂ ಆಗ ಸಣ್ಣ ವಿಷಯಗಳೆಂದು ಕಂಡಿದ್ದವು, ಮುಂದೆ ಇವೇ ಮುಖ್ಯವಾದವು.

ಮನೆಯಲ್ಲಿದ್ದ ಎರಡು ವರ್ಷ ಒಂಬತ್ತು ತಿಂಗಳು ಅವರ ಸೇವೆ ಚೆನ್ನಾಗಿತ್ತು. ನಲ್ಲಿ ಸೋರಿದರೆ ಮರುದಿನವೇ ಪ್ಲಂಬರ್ ಬರುತ್ತಿದ್ದ, ಬಾಡಿಗೆಗೆ ರಸೀದಿ ಸಿಗುತ್ತಿತ್ತು, ಆದಾಯ ತೆರಿಗೆಯ ಸಮಯದಲ್ಲಿ ಕಾಗದಪತ್ರಕ್ಕಾಗಿ ಯಾರ ಹಿಂದೆಯೂ ಅಲೆಯಬೇಕಿರಲಿಲ್ಲ. ಇದನ್ನು ಹೇಳದೆ ಮುಂದಿನದನ್ನು ಹೇಳುವುದು ನ್ಯಾಯವಲ್ಲ.

ಪತಿಗೆ ಧಾರವಾಡಕ್ಕೆ ವರ್ಗವಾದಾಗ ಕರಾರಿನಂತೆ ಒಂದು ತಿಂಗಳು ಮೊದಲೇ ಇಮೇಲ್ ಮೂಲಕ ನೋಟಿಸ್ ಕೊಟ್ಟೆವು. ಮೇ 31ರ ಸಂಜೆ ಮನೆ ಪರಿಶೀಲಿಸಲು ಬಂದ ಯುವಕ ಪ್ರತಿ ಕೋಣೆಯ ಚಿತ್ರ ತೆಗೆದುಕೊಂಡು, “ಎಲ್ಲ ಸರಿಯಾಗಿದೆ ಮೇಡಂ, ಹದಿನೈದು ದಿನದಲ್ಲಿ ಅಕೌಂಟಿಗೆ ಬರುತ್ತೆ” ಎಂದು ಹೇಳಿ ಮೂರೂ ಬೀಗದ ಕೈಗಳನ್ನು ತೆಗೆದುಕೊಂಡು ಹೋದ. ಸಾಮಾನಿನ ಲಾರಿ ಹೊರಗೆ ಕಾಯುತ್ತಿತ್ತು. “ಎಲ್ಲ ಸರಿಯಾಗಿದೆ” ಎಂಬ ಮಾತನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ಆ ಒಂದು ಹಾಳೆ ಇದ್ದಿದ್ದರೆ ಈ ಬರಹದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ಜೂನ್ 20ರಂದು ಬಂದ ಲೆಕ್ಕದ ಪತ್ರದಲ್ಲಿ ಒಟ್ಟು 51,000 ರೂಪಾಯಿ ಕಡಿತವಾಗಿತ್ತು: ಬಣ್ಣ ಬಳಿಸಲು 24,000, ಶುಚಿಗೊಳಿಸಲು 5,500, ಹೊಸ ಗೀಸರ್‌ಗೆ 8,400, ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟಿಗೆ 7,500, ಗೋಡೆಯ ಮೊಳೆ ತೂತುಗಳಿಗೆ 3,600, ಬಾಕಿ ವಿದ್ಯುತ್ ಬಿಲ್ಲಿನ ಅಂದಾಜು 2,000. ಯಾವುದಕ್ಕೂ ರಸೀದಿಯನ್ನಾಗಲಿ ಚಿತ್ರವನ್ನಾಗಲಿ ಲಗತ್ತಿಸಿರಲಿಲ್ಲ.

ಬಣ್ಣದ ಹಣ ಕರಾರಿನಲ್ಲೇ ಇದ್ದುದರಿಂದ ನಾವು ಅದನ್ನು ಪ್ರಶ್ನಿಸಲಿಲ್ಲ. ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ರೂಢಿಯಾಗಿಬಿಟ್ಟಿದೆ. ಹನ್ನೊಂದು ತಿಂಗಳು ಇದ್ದವರಿಗೂ ಐದು ವರ್ಷ ಇದ್ದವರಿಗೂ ಒಂದೇ ಮೊತ್ತ ಎಂಬುದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಆದರೆ ಸಹಿ ಹಾಕಿದ ಮೇಲೆ ಅದಕ್ಕೆ ಬದ್ಧರಾಗಬೇಕು. ಶುಚಿಗೊಳಿಸುವ ಶುಲ್ಕವೂ ಕರಾರಿನಲ್ಲಿತ್ತು, ಆದರೆ ಅಲ್ಲಿದ್ದುದು 2,500 ರೂಪಾಯಿ.

ಕಪಾಟಿನ ವಿಷಯದಲ್ಲಿ ನಮ್ಮನ್ನು ಉಳಿಸಿದ್ದು ನನ್ನ ಪತಿಯ ಒಂದು ಅಭ್ಯಾಸ. ಮನೆಗೆ ಬಂದ ಮೊದಲ ದಿನ, ಹಾಲು ಉಕ್ಕಿಸುವ ಮೊದಲೇ, ಅವರು ಮನೆಯ ಹದಿನಾಲ್ಕು ಚಿತ್ರಗಳನ್ನು ತೆಗೆದು ಅಂದೇ ಸಂಸ್ಥೆಗೆ ಇಮೇಲ್ ಮಾಡಿದ್ದರು. ಅವುಗಳಲ್ಲಿ ಒಂದು ಸಿಂಕ್ ಕೆಳಗಿನದು: ನೀರು ಕುಡಿದು ಉಬ್ಬಿದ ಪ್ಲೈವುಡ್, ಅಂಚಿನಲ್ಲಿ ಪದರ ಬಿಟ್ಟುಕೊಂಡ ಸನ್‌ಮೈಕಾ, ಒದ್ದೆಯಾಗದಿರಲೆಂದು ಹಿಂದಿನ ಬಾಡಿಗೆದಾರರು ಹಾಸಿದ್ದ ದಿನಪತ್ರಿಕೆ. ಆ ಇಮೇಲನ್ನೇ ಮತ್ತೆ ಕಳುಹಿಸಿದಾಗ ಕಪಾಟಿನ 7,500 ರೂಪಾಯಿ ಮರುಮಾತಿಲ್ಲದೆ ಪಟ್ಟಿಯಿಂದ ಮಾಯವಾಯಿತು. ಆದರೆ ಉಳಿದ ಕಡಿತಗಳ ಬಗ್ಗೆ ಉತ್ತರವೇ ಬರಲಿಲ್ಲ.

ವಿದ್ಯುತ್ ಬಿಲ್ಲಿನ ಕಡಿತಕ್ಕೆ ಆಧಾರವೇ ಇರಲಿಲ್ಲ. ನಮ್ಮ ಬಾಡಿಗೆ ಕರಾರನ್ನು ತೋರಿಸಿಯೇ ಗೃಹಜ್ಯೋತಿಗೆ ನೋಂದಾಯಿಸಿಕೊಂಡಿದ್ದೆವು; ಬಳಕೆ ನಮಗೆ ನಿಗದಿಯಾಗಿದ್ದ ಮಿತಿಯೊಳಗೇ ಇದ್ದುದರಿಂದ ಪ್ರತಿ ತಿಂಗಳ ಬೆಸ್ಕಾಂ ಬಿಲ್ಲಿನಲ್ಲಿ ಪಾವತಿಸಬೇಕಾದ ಮೊತ್ತ ಸೊನ್ನೆ ಎಂದೇ ಬರುತ್ತಿತ್ತು, ಕೊನೆಯ ಬಿಲ್ಲೂ ಹಾಗೆಯೇ ಬಂದಿತ್ತು. ಸಂಸ್ಥೆಯಲ್ಲಿ ಯಾರೊಬ್ಬರಾದರೂ ಆ ಬಿಲ್ಲನ್ನು ತೆರೆದು ನೋಡಿದ್ದರೆ 2,000 ಎಂದು ಬರೆಯಲು ಸಾಧ್ಯವಿರಲಿಲ್ಲ.

ಗೀಸರ್ ಬಗ್ಗೆ ನಾನು ಸಾಗರದಲ್ಲಿರುವ ಮಾಲೀಕರಿಗೇ ಫೋನ್ ಮಾಡಿದೆ. ಹಿರಿಯರು, ಸಮಾಧಾನದಿಂದ ಕೇಳಿಸಿಕೊಂಡು, “ಅಲ್ಲಮ್ಮಾ, ಆ ಗೀಸರ್ ನಾನೇ ಗೃಹಪ್ರವೇಶದ ಹೊತ್ತಿಗೆ ಹಾಕಿಸಿದ್ದು, ಹತ್ತು ವರ್ಷ ಆಯ್ತು. ಅದಕ್ಕೆ ನಿಮ್ಮ ಹತ್ರ ದುಡ್ಡು ಇಸ್ಕೊಳ್ಳಿ ಅಂತ ನಾನು ಯಾರಿಗೂ ಹೇಳಿಲ್ಲ” ಎಂದರು. ಸಂಸ್ಥೆಗೂ ಅದನ್ನೇ ಹೇಳುವೆನೆಂದು ಮಾತು ಕೊಟ್ಟರು, ಹೇಳಿದರು ಕೂಡ. ಮೂರು ವರ್ಷ ಅವರ ಮನೆಯಲ್ಲಿದ್ದೂ ನಾನು ಅವರೊಡನೆ ನೇರವಾಗಿ ಮಾತನಾಡಿದ್ದು ಅದೇ ಮೊದಲ ಸಲ ಎಂಬುದು ಫೋನ್ ಇಟ್ಟ ಮೇಲೆ ನೆನಪಾಗಿ ಬೇಸರವಾಯಿತು.

ಆದರೂ ಜುಲೈ ಕಳೆಯುತ್ತ ಬಂದರೂ ಹಣ ಬರಲಿಲ್ಲ. ಕರೆ ಮಾಡಿದರೆ ಪ್ರತಿ ಸಲ ಬೇರೆ ಬೇರೆಯವರು ಎತ್ತಿಕೊಂಡು, ಕಥೆಯನ್ನು ಮೊದಲಿನಿಂದ ಕೇಳಿ, ಲೆಕ್ಕಪತ್ರ ವಿಭಾಗಕ್ಕೆ ತಿಳಿಸುವುದಾಗಿ ಹೇಳುತ್ತಿದ್ದರು. ಈ ಹೊತ್ತಿಗೆ ಕಾನೂನು ಏನು ಹೇಳುತ್ತದೆಂದು ಓದಿಕೊಂಡೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಇಂದಿನ ಬಾಡಿಗೆ ನೋಡಿದರೆ ನಮ್ಮಂಥವರಾರೂ ಅದರ ನೆರಳಿಗೆ ಬರುವುದಿಲ್ಲ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ, ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ನಮ್ಮ ಕೈಹಿಡಿದದ್ದು ಎರಡು ಕಾಯ್ದೆಗಳು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕಾದರೂ ಸಹಜ ಬಳಕೆಯಿಂದಾಗುವ ಸವೆತಕ್ಕೆ ಅದರಿಂದ ವಿನಾಯಿತಿ ಇದೆ. ಕ್ಯಾಲೆಂಡರ್ ಮತ್ತು ದೇವರ ಪಟಕ್ಕೆ ಹೊಡೆದ ನಾಲ್ಕು ಮೊಳೆಗಳು ಅದಕ್ಕಿಂತ ಹೆಚ್ಚಿನ ಹಾನಿಯಲ್ಲವೆಂದು ವಾದಿಸಿದೆವು. ಇನ್ನೊಂದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸಂಸ್ಥೆಯು ನಮ್ಮಿಂದ ಸೇವಾ ಶುಲ್ಕ ಪಡೆದಿದ್ದರಿಂದ ನಾವು ಅದರ ಗ್ರಾಹಕರೂ ಹೌದು ಎಂಬುದು ನಮ್ಮ ನಿಲುವಾಗಿತ್ತು.

ಪರಿಚಯದ ವಕೀಲರೊಬ್ಬರ ಸಲಹೆಯಂತೆ ಒಂದೂವರೆ ಪುಟದ ಪತ್ರವನ್ನು ನಾನೇ ಬರೆದು, ಕರಾರಿನ ಪ್ರತಿ, ಮೊದಲ ದಿನದ ಚಿತ್ರಗಳು, ಸೊನ್ನೆಯ ಬಿಲ್ಲು ಇವನ್ನೆಲ್ಲ ಸೇರಿಸಿ ಸಂಸ್ಥೆಯ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಹದಿನೈದು ದಿನಗಳೊಳಗೆ ಹಣ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇವೆಂದು ಕೊನೆಯಲ್ಲಿ ಬರೆದಿದ್ದೆ; ಐದು ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವೂ ಇಲ್ಲ. ಪತ್ರ ತಲುಪಿದ ಮೂರನೇ ದಿನ, ಅದುವರೆಗೆ ನಮಗೆ ಹೆಸರೂ ಗೊತ್ತಿರದ ಮೇಲಧಿಕಾರಿಯೊಬ್ಬರು ತಾವಾಗಿಯೇ ಫೋನ್ ಮಾಡಿದರು. ಆಗಸ್ಟ್ 9ರಂದು, ಮನೆ ಬಿಟ್ಟ 70ನೇ ದಿನ, ಬಣ್ಣದ 24,000 ಮತ್ತು ಶುಚಿಯ 2,500 ಮಾತ್ರ ಕಳೆದು 1,17,500 ರೂಪಾಯಿ ಖಾತೆಗೆ ಬಂತು.

ಐದರಲ್ಲಿ ಎರಡು ಅಂಕ ಕೊಡುತ್ತಿದ್ದೇನೆ, ಎರಡೂ ನಾವು ಅಲ್ಲಿ ವಾಸವಿದ್ದ ದಿನಗಳ ಸೇವೆಗೆ. ಇಂಥ ಸಂಸ್ಥೆಯ ಮೂಲಕ ಮನೆ ಹಿಡಿಯುವವರು ಅಡ್ವಾನ್ಸ್ ಯಾರ ಖಾತೆಗೆ ಹೋಗುತ್ತದೆ, ಎಷ್ಟು ದಿನದಲ್ಲಿ ಮರಳುತ್ತದೆ, ರಸೀದಿಯಿಲ್ಲದ ಕಡಿತಕ್ಕೆ ಅವಕಾಶವಿದೆಯೇ ಎಂಬುದನ್ನು ಸಹಿಗೆ ಮುಂಚೆ ಓದಿಕೊಳ್ಳಲಿ, ಮಾಲೀಕರ ಫೋನ್ ನಂಬರನ್ನೂ ಕೇಳಿ ಪಡೆಯಲಿ. ಕರಾರಿನಲ್ಲಿ ಹೇಳಿದ್ದ ಹದಿನೈದು ದಿನಗಳು ಮುಗಿದ ಮೇಲೂ ಐವತ್ತೈದು ದಿನ ನಮ್ಮ ಹಣವನ್ನು ಇಟ್ಟುಕೊಂಡದ್ದಕ್ಕೆ ಬಡ್ಡಿ ಕೇಳಿ ಬರೆದ ಪತ್ರಕ್ಕೆ ಇಂದಿಗೂ ಉತ್ತರ ಬಂದಿಲ್ಲ.