ಕ್ರೈಸೋಪರ್ಲಾ ಮೊಟ್ಟೆ ಪ್ಯಾಕೆಟ್: ಬೂದು ಬಣ್ಣ ನೋಡಿ ತಗೊಳ್ಳಿ

ಸಸ್ಯಹೇನಿನ ಕಾಟಕ್ಕೆಂದು ಜೈವಿಕ ನಿಯಂತ್ರಣ ಪ್ರಯೋಗಾಲಯಗಳು ಮಾರುವ ಕ್ರೈಸೋಪರ್ಲಾ, ಅಂದರೆ ಮರಿಯಾಗಿದ್ದಾಗ ಹೇನು ತಿನ್ನುವ ಹಸಿರು ಲೇಸ್‌ವಿಂಗ್ ಕೀಟದ ಮೊಟ್ಟೆ ಸರಿಯಾದ ಹೊತ್ತಿಗೆ ಕೈಸೇರಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎರಡು ದಿನ ತಡವಾದರೆ ನೀವು ಕೊಂಡದ್ದು ಬರೀ ಹೊಟ್ಟು.

ಮೊದಲು ಹೆಸರಿನ ಗೊಂದಲ. ಹಳೆಯ ಲೇಬಲ್‌ಗಳಲ್ಲಿ ‘ಕ್ರೈಸೋಪರ್ಲಾ ಕಾರ್ನಿಯಾ’ ಎಂದಿರುತ್ತದೆ. ಈ ಕೀಟಗಳು ಹೊಟ್ಟೆ ಅದುರಿಸಿ, ಕೂತ ಎಲೆಯ ಮೂಲಕವೇ ಸಂಗಾತಿಗೆ ಸಂಕೇತ ಕಳಿಸುತ್ತವೆ. ಆ ‘ಹಾಡು’ಗಳನ್ನು ಹೋಲಿಸಿ, ಭಾರತದ ಹೊಲಗಳಲ್ಲಿರುವುದು ಕ್ರೈಸೋಪರ್ಲಾ ಜಾಸ್ಟ್ರೋವಿ ಸಿಲ್ಲೆಮಿ ಎಂದು 2010ರಲ್ಲಿ ತಜ್ಞರು ಗುರುತಿಸಿದರು. ಹಳೆ ಹೆಸರು ಕಂಡ ಮಾತ್ರಕ್ಕೆ ಮಾಲು ನಕಲಿಯಲ್ಲ, ಲೇಬಲ್ ತಿದ್ದದ ಸೋಮಾರಿತನ ಅಷ್ಟೆ.

ಪ್ಯಾಕೆಟ್ ಒಡೆದು ಒಂದು ಚಿಟಿಕೆಯನ್ನು ಬಿಳಿ ಹಾಳೆಯ ಮೇಲೆ ಸುರಿದು 10 ಪಟ್ಟಿನ ಲೆನ್ಸ್ ಹಿಡಿಯಿರಿ. ಉದ್ದುದ್ದ, ತಿಳಿಹಸಿರು ಮೊಟ್ಟೆ ಹೊಸದು. ಬೂದು ಬಣ್ಣಕ್ಕೆ ತಿರುಗಿದ್ದರೆ ಇನ್ನೇನು ಮರಿ ಹೊರಬರುತ್ತದೆ, ಅದೇ ದಿನ ಬಿಡಬೇಕು. ಬಿಳಿ ಕಾಗದದಂತೆ ಕುಗ್ಗಿದ್ದರೆ ಮರಿ ಆಗಲೇ ಹೊರಬಂದಿದೆ. ಒಳಗೆ ಒಂದನ್ನೊಂದು ತಿಂದು ಮುಗಿಸಿರುತ್ತವೆ. ಇದನ್ನು ತಡೆಯಲೆಂದೇ ಭತ್ತದ ಹೊಟ್ಟು ಮತ್ತು ಅಕ್ಕಿ ಪತಂಗದ ಮೊಟ್ಟೆ ಬೆರೆಸುತ್ತಾರೆ. ಆ ಕೆನೆಬಣ್ಣದ ಸಣ್ಣ ಮೊಟ್ಟೆಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಮೋಸಹೋಗಬೇಡಿ. ಮೊಟ್ಟೆ ಇಟ್ಟ ದಿನಾಂಕ ಬರೆಯದ ಪ್ಯಾಕೆಟ್ ಅಂತೂ ಬೇಡವೇ ಬೇಡ. ಬೆಚ್ಚಗಿನ ದಿನಗಳಲ್ಲಿ ಮೂರು-ನಾಲ್ಕು ದಿನಕ್ಕೆಲ್ಲ ಮರಿಯಾಗುತ್ತದೆ.

ಹೊಲದಲ್ಲಿ ಇದೇ ಮೊಟ್ಟೆ ಕೂದಲಿನಷ್ಟು ತೆಳು ಕಡ್ಡಿಯ ತುದಿಯಲ್ಲಿ ನಿಂತಿರುತ್ತದೆ. ಪ್ರಯೋಗಾಲಯದಲ್ಲಿ ಕಡ್ಡಿಯಿಂದ ಬಿಡಿಸಿ ತುಂಬುವುದರಿಂದ ಪ್ಯಾಕೆಟ್‌ನಲ್ಲಿ ಕಡ್ಡಿ ಇಲ್ಲದಿರುವುದು ದೋಷವಲ್ಲ. (ಕೊರಿಯಾ, ಚೀನಾಗಳಲ್ಲಿ ಈ ಕಡ್ಡಿಮೊಟ್ಟೆಗಳನ್ನೇ ಉದುಂಬರದ ಹೂವೆಂದು ಕೈಮುಗಿದದ್ದುಂಟು. ಅತ್ತಿ ಹೂ ಕಂಡವರಾರು!)

ಹತ್ತಿಗೆ ಎಕರೆಗೆ ಸುಮಾರು 20,000 ಲೆಕ್ಕ, 15 ದಿನ ಬಿಟ್ಟು ಇನ್ನೊಮ್ಮೆ. ಸಂಜೆ, ಎಲೆ ಒಣಗಿರುವಾಗ, ಹೇನು ಕಟ್ಟಿದ ಕುಡಿಗಳ ಮೇಲೇ ಉದುರಿಸಿ. ಒದ್ದೆ ಎಲೆಯಲ್ಲಿ ಹೊಟ್ಟು ಗಂಟುಕಟ್ಟಿ ಮರಿಗಳು ಒಂದೇ ಕಡೆ ಸೇರುತ್ತವೆ. ಇರುವೆ ಸಾಲು ಕಂಡರೆ ಮೊದಲು ಅದನ್ನು ನಿಲ್ಲಿಸಿ: ಹೇನಿನ ಸಿಹಿ ಅಂಟಿಗಾಗಿ ಇರುವೆಗಳು ಕಾವಲು ನಿಂತು ಮರಿಗಳನ್ನು ಎತ್ತಿಕೊಂಡು ಹೋಗುತ್ತವೆ. ಪೈರೆತ್ರಾಯ್ಡ್ ಗುಂಪಿನ ಕೀಟನಾಶಕ ಸಿಂಪಡಿಸಿದ ಹೊಲಕ್ಕೆ ಬಿಡುವುದಂತೂ ದಂಡ.

ವಾರದ ಮೇಲೆ ಎಲೆ ಮಗುಚಿ ನೋಡಿ. ಪುಟ್ಟ ಮೊಸಳೆಯಂಥ ಮೈ, ಆರು ಕಾಲು, ಮುಂದಕ್ಕೆ ಚಾಚಿದ ಜೋಡಿ ಕುಡುಗೋಲು ದವಡೆ, ಬೋಳು ಬೆನ್ನು ಇದ್ದರೆ ನಿಮ್ಮ ಪ್ಯಾಕೆಟ್‌ನದೇ ಜಾತಿ ಎನ್ನಬಹುದು. ಬೆನ್ನ ಮೇಲೆ ಕಸದ ಮೂಟೆ ಹೊತ್ತಿದ್ದರೆ ಮಲ್ಲಾಡಾ ಥರದ ಬೇರೆ ಲೇಸ್‌ವಿಂಗ್. ಅದೂ ಮಿತ್ರನೇ, ಆದರೆ ತಾನಾಗಿ ಬಂದದ್ದು. ಕಾಲೇ ಇಲ್ಲದ ಹುಳುವಾದರೆ ಅದು ಹೂನೊಣದ ಮರಿ.

ಮೊಟ್ಟೆಗಿಂತ, ಗೂಡುಗೂಡಾಗಿ ಬೇರ್ಪಡಿಸಿ ಕೊಡುವ ಮರಿಗಳು ಸಿಕ್ಕರೆ ದುಬಾರಿಯಾದರೂ ಅವೇ ವಾಸಿ. ಮರಿ ಬೆಳೆದು ಆಗುವ ಬಂಗಾರಗಣ್ಣಿನ ಹಸಿರು ರೆಕ್ಕೆಹುಳು ಮಾತ್ರ ಬೇಟೆಯಾಡುವುದಿಲ್ಲ. ಮಕರಂದ, ಪರಾಗ, ಹೇನಿನ ಅಂಟೇ ಅದರ ಊಟ. ಬದುವಿನಲ್ಲಿ ಕೊತ್ತಂಬರಿ, ಸಾಸಿವೆ ಹೂ ಬಿಟ್ಟಿರದಿದ್ದರೆ ಅದು ಪಕ್ಕದವರ ಹೊಲಕ್ಕೆ ಹೋಗಿ ಮೊಟ್ಟೆ ಇಡುತ್ತದೆ.